ಸಂಪಾದಕರ ಉತ್ತರ: ಸ್ಲೇಟಿನ ಜಾಗಕ್ಕೆ ಬಂದದ್ದು ಪುಸ್ತಕದ ಜಾಗ ಕೇಳಿದರೆ?

ಮಾನ್ಯ ಸಂಪಾದಕರೇ,

ಮಕ್ಕಳ ಓದಿಗೆ ಪುಸ್ತಕವೇ ಬೇಕು ಅಂತ ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದನ್ನು ಓದಿ ನಗು ಬಂತು. ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಬ್ಯಾಗನ್ನು ಒಮ್ಮೆ ಎತ್ತಿ ನೋಡಿ. ಅದರಲ್ಲಿರುವುದೆಲ್ಲ ಒಂದು ಟ್ಯಾಬ್‌ನಲ್ಲಿ ಹಿಡಿಯುತ್ತದೆ. ಹೃದಯ ಹೇಗೆ ಕೆಲಸ ಮಾಡುತ್ತದೆ ಅಂತ ವಿಡಿಯೊ ತೋರಿಸಿದರೆ ಎರಡು ನಿಮಿಷದಲ್ಲಿ ಮಕ್ಕಳಿಗೆ ಹೊಳೆಯುತ್ತದೆ. ನಮ್ಮ ಶಾಲೆಯ ಬೀರುವಿನಲ್ಲಿ ನಾನೂರು ಪುಸ್ತಕಗಳಿವೆ, ಒಬ್ಬನೂ ಮುಟ್ಟುವುದಿಲ್ಲ. ಪುಸ್ತಕದ ಕಾಲ ಮುಗಿಯುತ್ತಾ ಬಂದಿದೆ. ಇದನ್ನು ಒಪ್ಪಿಕೊಳ್ಳಲು ನಿಮ್ಮಂಥವರಿಗೆ ಯಾಕೆ ಇಷ್ಟು ಕಷ್ಟ?

ಇಂತಿ, ಒಬ್ಬ ಶಿಕ್ಷಕ

ಮೇಷ್ಟ್ರೇ,

ನಿಮ್ಮ ಪತ್ರ ಅಂಚೆಯಲ್ಲಿ ಬಂತು. ಲಾಂಗ್ ನೋಟ್‌ಬುಕ್ಕಿನಿಂದ ಕಿತ್ತ ಎರಡು ಹಾಳೆ, ನೀಲಿ ಪೆನ್ನು, ಒತ್ತಿ ಬರೆಯುವ ಕೈ. ಕೊನೆಯ ಸಾಲುಗಳಲ್ಲಿ ಒಂದು ಕಡೆ ಗೀಚಿ ಹೊಡೆದುಹಾಕಿದ್ದೀರಿ. ಕಚೇರಿಯ ಕಿಟಕಿಗೆ ಹಿಡಿದು ನೋಡಿದೆ. ಮೊದಲು 'ಪುಸ್ತಕದ ಕಾಲ ಮುಗಿಯಿತು' ಅಂತ ಬರೆದಿದ್ದಿರಿ. ಆಮೇಲೆ ಮನಸ್ಸು ಅಳುಕಿ 'ಮುಗಿಯುತ್ತಾ ಬಂದಿದೆ' ಅಂತ ಮಾಡಿದ್ದೀರಿ. ಆ ಗೀಟು ಕಂಡಮೇಲೆ ನಿಮ್ಮ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಮೊಬೈಲಿನಲ್ಲಿ ಕುಟ್ಟಿ ಕಳಿಸಿದ್ದರೆ ನಿಮ್ಮ ಅನುಮಾನ ನನಗೆ ಗೊತ್ತೇ ಆಗುತ್ತಿರಲಿಲ್ಲ ನೋಡಿ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಹೃದಯದ ವಿಡಿಯೊ ತೋರಿಸಿ, ಖಂಡಿತ ತೋರಿಸಿ. ನಮ್ಮ ಕಾಲದಲ್ಲಿ ಬೋರ್ಡಿನ ಮೇಲೆ ಬಿಡಿಸಿದ ಹೃದಯ ಬದನೆಕಾಯಿಯ ಹಾಗಿರುತ್ತಿತ್ತು, ಅದರಲ್ಲಿ ರಕ್ತ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅಂತ ನನಗೆ ಇವತ್ತಿಗೂ ಅನುಮಾನ. ಕಣ್ಣು ಕಾಣದ ಮಗುವಿಗೆ ಫೋನು ಪಾಠ ಓದಿ ಹೇಳುತ್ತದೆ, ಅದು ದೊಡ್ಡ ಉಪಕಾರ. ಕಿಟ್ಟೆಲರ 1894ರ ನಿಘಂಟನ್ನು ನಾನೇ ಈಗ ಫೋನಿನಲ್ಲಿ ನೋಡುತ್ತೇನೆ. ಇಷ್ಟು ಆಯ್ತಲ್ಲ, ಇನ್ನು ಜಗಳಕ್ಕೆ ಬರೋಣ.

ಬ್ಯಾಗಿನ ಭಾರ ಅಂದಿರಿ. 2019ರಲ್ಲೇ ಸರ್ಕಾರ ಆದೇಶ ಹೊರಡಿಸಿದೆ. ಬ್ಯಾಗಿನ ತೂಕ ಮಗುವಿನ ತೂಕದ ಶೇ. 10ಕ್ಕಿಂತ ಜಾಸ್ತಿ ಇರಬಾರದು, ಒಂದು ಎರಡನೇ ಕ್ಲಾಸಿಗೆ 2 ಕೆ.ಜಿ. ಮೀರಬಾರದು, ಒಂಬತ್ತು ಹತ್ತಕ್ಕೂ 5 ಕೆ.ಜಿ. ಒಳಗೇ. ಆದೇಶ ಇದ್ದಲ್ಲೇ ಇದೆ. ನಾನು ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿಯ ಬ್ಯಾಗ್ ಬಿಚ್ಚಿಸಿ ನೋಡಿದೆ. ಪಠ್ಯಪುಸ್ತಕ ಮೂರು. ಗೈಡು ಎರಡು. ಟ್ಯೂಷನ್ನಿನವರು ಕೊಟ್ಟ ಸ್ಪೈರಲ್ ಬೈಂಡಿಂಗ್ ಒಂದು. ಸ್ಟೀಲಿನ ನೀರಿನ ಬಾಟ್ಲಿ, ಊಟದ ಡಬ್ಬಿ, ಛತ್ರಿ. ಭಾರ ಪುಸ್ತಕದ್ದಲ್ಲ ಮೇಷ್ಟ್ರೇ, ನಮ್ಮ ಗಾಬರಿಯದ್ದು. ಟ್ಯಾಬ್ ಕೊಟ್ಟರೆ ಅದೂ ಆ ಬ್ಯಾಗಿನೊಳಗೇ ಸೇರಿಕೊಳ್ಳುತ್ತದೆ, ಚಾರ್ಜರ್ ಸಮೇತ.

ಈಗ ನನ್ನ ಮುಖ್ಯ ತಕರಾರು. ಟ್ಯಾಬ್ ಬಂದಿರುವುದು ಪುಸ್ತಕದ ಜಾಗಕ್ಕೆ ಅಂತ ನೀವು ತಿಳಿದಿದ್ದೀರಿ. ಅದು ಬಂದಿರುವುದು ಸ್ಲೇಟಿನ ಜಾಗಕ್ಕೆ. ನಾವು ಸ್ಲೇಟಿನ ಮೇಲೆ ಬಳಪದಿಂದ ಬರೆದು, ಎಂಜಲು ಹಚ್ಚಿ ಒರೆಸಿ, ಅಕ್ಕೋರ ಕೈಲಿ ಬೈಸಿಕೊಂಡವರು. ಅದಕ್ಕೂ ಮೊದಲು ಕಡತ ಅಂತ ಇತ್ತು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಕರಿಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಅಂಗಡಿಯವರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತು ಕಚೇರಿಯ ಫೈಲಿಗೂ ಕಡತ ಅಂತೀವಿ, ಕಂಪ್ಯೂಟರಿನ ಫೈಲಿಗೂ ಕಡತ ಅಂತಲೇ ಹೆಸರು. ಎಷ್ಟು ಸರಿಯಾದ ಹೆಸರು ಅಲ್ವಾ? ಒರೆಸಿ ಬರೆಯುವ ಸಾಮಾನಿಗೆ ಒರೆಸಿ ಬರೆಯುವ ಸಾಮಾನಿನ ಹೆಸರೇ ಸಿಕ್ಕಿತು. ಸ್ಲೇಟು ಒಳ್ಳೆಯದೇ. ಆದರೆ ಸ್ಲೇಟು ಮನೆಗೆ ಬಂತು ಅಂತ ಯಾರೂ ಪುಸ್ತಕವನ್ನು ರದ್ದಿಗೆ ಹಾಕಲಿಲ್ಲ.

ಪುಸ್ತಕ ಬೇರೆ ಥರ. ಎಂಟನೇ ಕ್ಲಾಸಿಗೆ ನನಗೆ ಸಮಾಜ ವಿಜ್ಞಾನದ ಪುಸ್ತಕ ಸಿಕ್ಕಿದ್ದು ಅರ್ಧ ಬೆಲೆಗೆ, ನಮ್ಮ ಬೀದಿಯ ಒಬ್ಬ ಹಿರಿಯ ಹುಡುಗನಿಂದ. ಅವನು ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದ. ನಾನು ಅಡಿಗೆರೆ ಇದ್ದದ್ದನ್ನಷ್ಟೇ ಓದಿದೆ. ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ಅದರೊಳಗಿನ ಒಂದು ಪ್ರಶ್ನೆಯೂ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅವನು ಆ ವಿಷಯದಲ್ಲಿ ಎರಡು ಸಲ ಫೇಲಾಗಿದ್ದನಂತೆ! ಆಮೇಲೆ ಗೆರೆ ಎಳೆಯದೆ ಬಿಟ್ಟಿದ್ದನ್ನು ಹುಡುಕಿ ಹುಡುಕಿ ಓದಿದೆ, ವಾರ್ಷಿಕದಲ್ಲಿ ಪಾಸಾದೆ. ಈಗಲೂ ವಿಜಯನಗರ ಅಂದರೆ ನನಗೆ ಎಡಗಡೆ ಪುಟದ ಕೆಳಗೆ, ಎಣ್ಣೆಯ ಕಲೆಯ ಪಕ್ಕ ನೆನಪಾಗುತ್ತದೆ. ಮಂಡಕ್ಕಿ ತಿಂದ ಕೈಯಲ್ಲಿ ಪುಟ ತಿರುವಿದ್ದು ನಾನೇ, ಅದನ್ನು ಅವನ ತಲೆಗೆ ಕಟ್ಟುವುದಿಲ್ಲ.

ಇದು ಮುದುಕನ ಹಳಹಳಿಕೆ ಅಂತ ನೀವು ಅನ್ನುತ್ತೀರಿ. ನೀವು ವಿಜ್ಞಾನದ ಮೇಷ್ಟ್ರು, ಆದ್ದರಿಂದ ನಿಮ್ಮ ದಾರಿಯಲ್ಲೇ ಹೇಳುತ್ತೇನೆ. ಕಾಗದದ ಮೇಲಿನ ಓದು, ಪರದೆಯ ಮೇಲಿನ ಓದು ಎರಡನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ದೊಡ್ಡ ವಿಶ್ಲೇಷಣೆ 2018ರಲ್ಲಿ ಬಂತು. ಆ ಅಧ್ಯಯನಗಳಲ್ಲಿ ಓದಿದವರು ಒಟ್ಟು 1,70,000ಕ್ಕೂ ಹೆಚ್ಚು. ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಒಂದು ಮಾತು ಮುಚ್ಚಿಡಬಾರದು: ಕತೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಮಾಹಿತಿಯ ಬರಹದಲ್ಲಿ, ಅಂದರೆ ಪಾಠದಂಥದ್ದರಲ್ಲಿ. ಹೊತ್ತು ಕಡಿಮೆ ಇದ್ದಾಗ ಇನ್ನೂ ಜಾಸ್ತಿ. ಹೊಸ ತಲೆಮಾರಿಗೆ ಪರದೆ ರೂಢಿಯಾದಂತೆ ಈ ಅಂತರ ಮುಚ್ಚಿಹೋಗುತ್ತದೆ ಅಂತ ಎಲ್ಲರೂ ತಿಳಿದಿದ್ದರು. ವರ್ಷ ಕಳೆದಂತೆ ಅದು ಹೆಚ್ಚಾಗಿತ್ತು.

ಸ್ವೀಡನ್ನಿನ ಕತೆ ನಿಮಗೆ ಗೊತ್ತಿರಬೇಕು. ನಮಗಿಂತ ಮೊದಲು ಶಾಲೆಗಳಿಗೆ ಪರದೆ ಹೊಕ್ಕಿಸಿದ ದೇಶ ಅದು. ನಾಲ್ಕನೇ ಕ್ಲಾಸಿನ ಮಕ್ಕಳ ಓದಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 2016ರಲ್ಲಿ 555 ಅಂಕ ಇದ್ದದ್ದು 2021ಕ್ಕೆ 544 ಆಯಿತು. ಪಾತಾಳಕ್ಕೇನೂ ಬೀಳಲಿಲ್ಲ, ಮಧ್ಯದಲ್ಲಿ ಕೊರೊನಾ ಬೇರೆ ಇತ್ತು. ಆದರೂ ಅವರು ತಡಮಾಡಲಿಲ್ಲ. 2023ರಲ್ಲಿ ಅವರ ದುಡ್ಡಿನ ಲೆಕ್ಕದಲ್ಲಿ 68.5 ಕೋಟಿ ಕ್ರೋನಾ ತೆಗೆದಿಟ್ಟು ಶಾಲೆಗಳಿಗೆ ಅಚ್ಚಿನ ಪುಸ್ತಕ ಕೊಳ್ಳಲು ಹೊರಟರು. ಅವರು ಬಿಟ್ಟು ಬಂದ ದಾರಿಗೆ ನಾವು ಈಗ ಟಿಕೆಟ್ ತೆಗೆಸುತ್ತಿದ್ದೇವೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಅಂದರೆ ಇದೇ. ದಾವಣಗೆರೆಯವನ ಬಾಯಲ್ಲಿ ಈ ಗಾದೆ ಬಂದರೆ ದೋಸೆಯೂ ನೆನಪಾಗುತ್ತದೆ, ಇರಲಿ.

ಪುಸ್ತಕ ಸತ್ತಿತು ಅಂತ ಹೇಳಿದವರಲ್ಲಿ ನೀವು ಮೊದಲಿಗರಲ್ಲ. ಸಿನಿಮಾ ಬಂದಾಗ, 1913ರಲ್ಲಿ, ಎಡಿಸನ್ ಹೇಳಿದ್ದರು, ಇನ್ನು ಹತ್ತು ವರ್ಷದಲ್ಲಿ ಶಾಲೆಗಳ ರೀತಿಯೇ ಬದಲಾಗುತ್ತದೆ, ಪುಸ್ತಕ ಬೇಕಾಗುವುದಿಲ್ಲ ಅಂತ. ವಿದ್ಯುತ್ ದೀಪ ಮಾಡಿದ ತಲೆ ಅದು, ಅದೂ ತಪ್ಪಿತು. 1975ರಲ್ಲಿ ಉಪಗ್ರಹದ ಟಿ.ವಿ. ಬಂತು. ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಒಂದು ವರ್ಷ ಪಾಠ ತೋರಿಸಿದರು, ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಅನ್ನುವ ಉಪಗ್ರಹ ಹಾರಿಸಿದರು. 2011ರಲ್ಲಿ ವಿದ್ಯಾರ್ಥಿಗಳಿಗೆಂದು ಸರ್ಕಾರದ ಅಗ್ಗದ ಆಕಾಶ್ ಟ್ಯಾಬ್ಲೆಟ್ ಬಂತು, ಈಗ ಯಾವ ಹುಡುಗನನ್ನು ಕೇಳಿದರೂ ಆ ಹೆಸರು ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದಿದ್ದರು. ಯಾವುದು ಅಂತ ಬೇಡ. ಕಂಪ್ಯೂಟರ್ ಕೋಣೆ ತೋರಿಸಿದರು. ಹತ್ತು ಕಂಪ್ಯೂಟರು, ಹತ್ತಕ್ಕೂ ಹೂವಿನ ಚಿತ್ತಾರದ ಬಟ್ಟೆ ಹೊದಿಸಿದ್ದರು. ಒಂದರ ಬಟ್ಟೆ ಎತ್ತಿದೆ. ಪರದೆಯ ನೆತ್ತಿಯಲ್ಲಿ ಅರಿಶಿನ ಕುಂಕುಮ ಒಣಗಿತ್ತು, ಮೂಲೆಯಲ್ಲಿ ಸೇವಂತಿಗೆಯ ಒಂದು ಎಸಳು ಅಂಟಿಕೊಂಡಿತ್ತು. 'ಆಯುಧಪೂಜೆಗೆ ತಪ್ಪದೆ ಮಾಡ್ತೀವಿ ಸಾರ್' ಅಂದರು ಹೆಡ್‌ಮಾಸ್ಟರು. ಯುಪಿಎಸ್ ಬ್ಯಾಟರಿ ಹೋಗಿ ಎರಡು ವರ್ಷವಾಗಿತ್ತಂತೆ. ಪುಸ್ತಕಕ್ಕೆ ಬ್ಯಾಟರಿ ಬೇಕಾಗಿಲ್ಲ ಅಂತ ಭಾಷಣದಲ್ಲಿ ಹೇಳೋಣ ಅಂದುಕೊಂಡೆ. ಊಟ ಹಾಕಿಸಿದವರ ಮುಂದೆ ಬಾಯಿ ಬರಲಿಲ್ಲ.

2020ರ ಲಾಕ್‌ಡೌನ್ ನೆನಪಿದೆಯಾ? ಜಗಳೂರು ತಾಲ್ಲೂಕಿನ ನಮ್ಮ ಅಕ್ಕನ ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಓವರ್‌ಹೆಡ್ ಟ್ಯಾಂಕಿನ ಮೆಟ್ಟಿಲ ಮೇಲೆ. ಮನೆಗೆ ಒಂದು ಫೋನು, ಮಕ್ಕಳು ಮೂರು. ಅಪ್ಪ ಬೋರ್‌ವೆಲ್ ಲಾರಿಗೆ ಹೋಗುವಾಗ ಫೋನೂ ಜೊತೆಗೆ ಹೋಗುತ್ತಿತ್ತು. ಕೊನೆಗೆ ಮಕ್ಕಳನ್ನು ಕಾಪಾಡಿದ್ದು ದೇವಸ್ಥಾನದ ಕಟ್ಟೆಯ ಮೇಲೆ ಕೂರಿಸಿ ಪಾಠ ಮಾಡಿದ ನಿಮ್ಮಂಥ ಮೇಷ್ಟ್ರುಗಳು. ವಿದ್ಯಾಗಮ ಅಂತ ಅದಕ್ಕೆ ಹೆಸರಿಟ್ಟಿದ್ದರು. ಈಗ ಫೋನಿಗೇನೂ ಕೊರತೆ ಇಲ್ಲ. ಗ್ರಾಮೀಣ ಮಕ್ಕಳ ಬಗ್ಗೆ ಅಸರ್ ಅನ್ನುವ ಸಮೀಕ್ಷೆ ಬರುತ್ತದಲ್ಲ, 2024ರದ್ದನ್ನು ನೋಡಿ. 14ರಿಂದ 16 ವಯಸ್ಸಿನವರಲ್ಲಿ ಶೇ. 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ. 57. ಸೋಷಿಯಲ್ ಮೀಡಿಯಾಕ್ಕೆ ಶೇ. 76. ಮಕ್ಕಳನ್ನು ಬೈಯಬೇಡಿ. ಅವರ ಅಪ್ಪ ಅಮ್ಮ ಊಟದ ತಟ್ಟೆಯ ಪಕ್ಕ ಏನಿಟ್ಟುಕೊಂಡು ನೋಡುತ್ತಾರೆ ಅಂತ ಎಲ್ಲರಿಗೂ ಗೊತ್ತು.

ನಮ್ಮ ಮನೆಯ ಹುಳುಕನ್ನೂ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಪತ್ರಿಕೆ ಸೀಸದ ಅಚ್ಚಿನ ಮೊಳೆಯಿಂದ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದಕ್ಕೆ ಬಂತು. ಸಂಚಿಕೆಗಳನ್ನೆಲ್ಲ ಫ್ಲಾಪಿಗೆ, ಆಮೇಲೆ ಸಿ.ಡಿ.ಗೆ ಹಾಕಿಟ್ಟೆವು. ಇನ್ನು ಜಾಗದ ಚಿಂತೆ ಇಲ್ಲ ಅಂತ ಆ ವರ್ಷಗಳ ಅಚ್ಚಿನ ಪ್ರತಿಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟೆ. ಹೋದ ವರ್ಷ ಒಬ್ಬ ಸಂಶೋಧಕಿ ಹಳೆಯ ಲೇಖನ ಕೇಳಿಕೊಂಡು ಬಂದಳು. ಸಿ.ಡಿ. ಹಾಕಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಬ್ರಾಕೆಟ್ಟು. ಆಗಿನ ಫಾಂಟು ಈಗ ಇಲ್ಲ. ಅದಕ್ಕೂ ಹಿಂದಿನ ಮೊಳೆಯ ಕಾಲದ ಸಂಚಿಕೆಗಳು ಅಟ್ಟದ ಮೇಲಿದ್ದವು. ಗೆದ್ದಲು ಒಂದೆರಡು ಮೂಲೆ ತಿಂದಿತ್ತು. ಉಳಿದದ್ದನ್ನು ಅಲ್ಲೇ ನಿಂತು ಓದಿದಳು.

ನಿಮ್ಮ ಜಿಲ್ಲೆಯಲ್ಲೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಇದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಅಶೋಕನ ಶಾಸನ, 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದರಲ್ಲಿ ಶಿಷ್ಯನು ಗುರುವನ್ನು ಗೌರವಿಸಬೇಕು ಅಂತ ಬರೆದಿದೆ, ನಿಮ್ಮ ಎಂಟನೇ ಕ್ಲಾಸಿನವರಿಗೆ ಎರಡು ಸಲ ಓದಿ ಹೇಳಿ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. 'ಲಿಪಿಕಾರ' ಅನ್ನುವ ಪದ ಮಾತ್ರ ಖರೋಷ್ಠಿ, ಬಲದಿಂದ ಎಡಕ್ಕೆ ಬರೆಯುವ ವಾಯವ್ಯದ ಲಿಪಿ. ಕನ್ನಡದಲ್ಲಿ ಅರ್ಜಿ ಬರೆದು ಇಂಗ್ಲಿಷಿನಲ್ಲಿ ಸಹಿ ಹಾಕುವ ನಮ್ಮ ಚಟ ಆಗಲೇ ಶುರುವಾಗಿತ್ತು ಅಂತ ಕಾಣುತ್ತದೆ.

ಇನ್ನು ಪುಸ್ತಕ ಯಾರೂ ಮುಟ್ಟುವುದಿಲ್ಲ ಅನ್ನುವ ಮಾತು. ಮುಟ್ಟುವ ಹಾಗೆ ನಾವು ಇಟ್ಟಿದ್ದೀವಾ? 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ನಿಮ್ಮ ರಸೀದಿ ತೆಗೆದು ನೋಡಿ, ಅಲ್ಲೇ ಬರೆದಿರುತ್ತದೆ. ಅದು ಪೂರ್ತಿ ಗ್ರಂಥಾಲಯಕ್ಕೆ ತಲುಪುವುದಿಲ್ಲ ಅನ್ನುವ ದೂರು ನನ್ನ ತಲೆಗೂದಲಿನಷ್ಟೇ ಹಳೆಯದು. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ ನಿಂತುಹೋಗಿ ವರ್ಷಗಳಾದವು. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟೂ ನಿಂತಿತು. ಪುಸ್ತಕಕ್ಕಿಂತ ಅದನ್ನು ಕಳಿಸುವ ಖರ್ಚು ಜಾಸ್ತಿಯಾಗುವ ಕಾಲ ಬಂತು ಅಂತ ಆಗ ಅನ್ನಿಸಿತ್ತು. ಇಷ್ಟೆಲ್ಲ ಮಾಡಿ, ಪುಸ್ತಕ ತಾನಾಗೇ ಸಾಯುತ್ತಿದೆ ಅಂದರೆ ಹೇಗೆ ಮೇಷ್ಟ್ರೇ?

ನಿಮ್ಮ ಬೀರುವಿನ ವಿಷಯಕ್ಕೇ ಬರುತ್ತೇನೆ. ನಾನೂರು ಪುಸ್ತಕ ಅಂತ ಲೆಕ್ಕ ಬರೆದಿದ್ದೀರಿ. ಲೆಕ್ಕ ಸಿಕ್ಕಿದ್ದು ಸ್ಟಾಕ್ ರಿಜಿಸ್ಟರಿನಿಂದಲೋ, ನೀವೇ ಎಣಿಸಿದ್ದೋ? ನನ್ನ ಅನುಭವದಲ್ಲಿ ಇಂಥ ಬೀರುಗಳಿಗೆ ಒಂದು ಬೀಗ ಇರುತ್ತದೆ. ಪುಸ್ತಕ ಕಳೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಅನ್ನುವ ಹೆದರಿಕೆಗೆ ಅದನ್ನು ಹಾಕಿರುತ್ತಾರೆ, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಕೀಲಿ ಯಾರ ಹತ್ತಿರ ಇದೆ? ಹೆಡ್‌ಮಾಸ್ಟರ ಡ್ರಾಯರಿನಲ್ಲೋ, ವರ್ಗವಾಗಿ ಹೋದವರ ಗೊಂಚಲಿನಲ್ಲೋ? ವಿಚಾರಿಸಿ. ಒಂದು ಶನಿವಾರ ತೆಗೆದು, ಪುಸ್ತಕಗಳನ್ನು ವರಾಂಡದಲ್ಲಿ ಚಾಪೆಯ ಮೇಲೆ ಹರಡಿ, ನೀವು ಸ್ಟಾಫ್ ರೂಮಿಗೆ ಹೋಗಿ ಕುಳಿತುಬಿಡಿ. ಎಷ್ಟು ಜನ ಮುಟ್ಟಿದರು, ಯಾವುದನ್ನು ಮುಟ್ಟಿದರು, ಯಾವುದು ವಾಪಸ್ ಬರಲೇ ಇಲ್ಲ ಅಂತ ನನಗೆ ತಿಳಿಸಿ. ಕಳೆದುಹೋದ ಪುಸ್ತಕದ ದುಡ್ಡು ನಾನು ಕಳಿಸುತ್ತೇನೆ, ಹತ್ತರ ತನಕ.

ಕಾಗದವನ್ನೇ ಬರೆಯಬೇಕು ಅಂತೇನಿಲ್ಲ. ವಾಟ್ಸಾಪ್ ಆದರೂ ನಡೆಯುತ್ತದೆ.