ಯುದ್ಧ ಎಲ್ಲೋ ನಡೆಯುತ್ತಿದೆ, ಫೋನ್ ಮಾತ್ರ ಕೈ ಬಿಡುತ್ತಿಲ್ಲ

ನಿಮ್ಮ ಪ್ರಶ್ನೆ ಓದಿ 2022ರ ನನ್ನನ್ನೇ ಯಾರೋ ಎದುರಿಗೆ ತಂದು ಕೂರಿಸಿದ ಹಾಗಾಯಿತು. ನೀವು ಕೇಳಿರುವುದು ಇಷ್ಟು: ಯಾವ ಸಂಬಂಧವೂ ಇಲ್ಲದ ದೇಶದ ಯುದ್ಧವನ್ನು ದಿನಕ್ಕೆ ನಾಲ್ಕೈದು ಗಂಟೆ ನೋಡುತ್ತಾ ಕೂರುತ್ತೇನೆ, ಮುಖ ಮೋರೆ ಗೊತ್ತಿಲ್ಲದವರ ಜೊತೆ ಜಗಳ ಆಡುತ್ತೇನೆ, ಎಲ್ಲರೂ ಹೀಗೇನಾ? ಜೊತೆಗೆ, ಆ ದೇಶದ ಪರಿಚಯದವರೊಬ್ಬರಿಗೆ ಏನಂತ ಮೆಸೇಜ್ ಮಾಡಬೇಕೋ ತಿಳಿಯುತ್ತಿಲ್ಲ ಎಂದಿದ್ದೀರಿ.

ಎಲ್ಲರೂ ಹೀಗೇ ಎಂದು ಹೇಳಲಾರೆ. ನಾನಂತೂ ಹೀಗೇ ಇದ್ದೆ. ಅದನ್ನೇ ಹೇಳುತ್ತೇನೆ.

ನನ್ನ ಹುಚ್ಚು ಶುರುವಾಗಿದ್ದು ಒಂದು ಟ್ರಾಫಿಕ್ ಜಾಮ್‌ನಿಂದ. 2022ರ ಫೆಬ್ರವರಿ 24ರ ಬೆಳಗಿನ ಜಾವ, ರಷ್ಯಾದ ಬೆಲ್ಗೊರೊಡ್‌ನಿಂದ ಉಕ್ರೇನ್ ಗಡಿ ಕಡೆಗೆ ಹೋಗುವ ರಸ್ತೆಯಲ್ಲಿ ಗೂಗಲ್ ಮ್ಯಾಪ್ ಜಾಮ್ ತೋರಿಸುತ್ತಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಅಲ್ಲಿ ಯಾಕೆ ಜಾಮ್ ಆಗಬೇಕು? ಅಮೆರಿಕದ ಸಂಶೋಧಕ ಜೆಫ್ರಿ ಲೂಯಿಸ್ ಮತ್ತು ಅವರ ತಂಡ ಅದನ್ನು ಗಮನಿಸಿತು. ಸೇನೆ ಹೊರಟಿದೆ ಎನ್ನುವುದು ಪುಟಿನ್ ಟಿವಿಯಲ್ಲಿ ಮಾತಾಡುವ ಮುಂಚೆಯೇ ಅವರಿಗೆ ಗೊತ್ತಾಗಿತ್ತು. ತಮಾಷೆ ಎಂದರೆ, ಆ ಕೆಂಪು ಗೆರೆ ಮೂಡಿದ್ದು ಬಹುಶಃ ಟ್ಯಾಂಕ್‌ನಲ್ಲಿದ್ದವರ ಫೋನ್‌ಗಳಿಂದಲ್ಲ, ಅವರಿಗಾಗಿ ರಸ್ತೆ ತಡೆದಾಗ ನಿಂತುಬಿಟ್ಟ ಸಾಮಾನ್ಯ ಜನರ ಕಾರುಗಳಿಂದ.

ಇದನ್ನು ಓದಿದ ದಿನ ನನಗೆ ಏನೋ ದೊಡ್ಡ ಗುಟ್ಟು ಸಿಕ್ಕ ಹಾಗಾಯಿತು. ಮನೆಯಲ್ಲಿ ಕೂತು, ಫೋನ್ ಹಿಡಿದು, ಸರ್ಕಾರಗಳಿಗಿಂತ ಮುಂಚೆ ಯುದ್ಧ ತಿಳಿದುಕೊಳ್ಳಬಹುದು ಅಲ್ವಾ! ಅಲ್ಲಿಂದ ನಕ್ಷೆಗಳ ಚಟ ಹತ್ತಿತು. ಯಾವ ಊರು ಯಾರ ಕೈಯಲ್ಲಿದೆ ಎಂದು ಬಣ್ಣ ಹಚ್ಚಿ ತೋರಿಸುವ ಡೀಪ್‌ಸ್ಟೇಟ್ ಎಂಬ ನಕ್ಷೆ ಇದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ವಾರ್ ದಿನಾ ಒಂದು ನಕ್ಷೆ ಹಾಕುತ್ತದೆ. ಹಲ್ಲುಜ್ಜುವ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಮಧ್ಯೆ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.

ಆ ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಪ್ರಾಂತ್ಯದಲ್ಲಿ ಉಕ್ರೇನ್ ಸೇನೆ ದಿಢೀರ್ ಎಂದು ನುಗ್ಗಿತು. ಹತ್ತನೇ ತಾರೀಖಿನ ಹೊತ್ತಿಗೆ ಇಜಿಯುಮ್ ಪಟ್ಟಣದಿಂದ ರಷ್ಯನ್ ಸೇನೆ ಕಾಲ್ತೆಗೆದಿತ್ತು. ನಕ್ಷೆಯಲ್ಲಿ ಇಷ್ಟು ದೊಡ್ಡ ತುಂಡು ಬಣ್ಣ ಬದಲಿಸಿದ್ದು ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದಲ್ಲಿದ್ದ ಅಣ್ಣನಿಗೆ, 'ನಾವು ಇಜಿಯುಮ್ ತಗೊಂಡ್ವಿ' ಎಂದೆ.

ಅಣ್ಣ ತಲೆ ಎತ್ತಿ ಕೇಳಿದ, 'ಯಾರು ನಾವು?'

ಸುಮ್ನೆ ಕೇಳಿದ್ದ, ಚುಚ್ಚಬೇಕು ಅಂತೇನೂ ಅಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ನಮ್ಮ ಕೆಲಸದ ತಂಡದಲ್ಲಿ ಖಾರ್ಕಿವ್ ನಗರದ ಒಬ್ಬಾಕೆ ಇದ್ದರು. ಆನ್‌ಲೈನ್‌ನಲ್ಲೇ ಪರಿಚಯ, ಎದುರು ನೋಡಿಲ್ಲ. ಮರುದಿನ ಅವರಿಗೆ ಉದ್ದದ ಮೆಸೇಜ್ ಕಳಿಸಿದೆ. ಯಾವ ದಳ ಎಲ್ಲಿಂದ ನುಗ್ಗಿತು, ರೈಲು ಮಾರ್ಗ ಹೇಗೆ ಕಡಿಯಿತು, ಮುಂದಿನ ಗುರಿ ಯಾವುದು, ಎಲ್ಲ ವಿವರಿಸಿ ಅಭಿನಂದನೆ ಹೇಳಿದೆ. ಖಾರ್ಕಿವ್‌ನಲ್ಲಿ ಕೂತವರಿಗೆ ಖಾರ್ಕಿವ್ ಯುದ್ಧದ ಪಾಠ! ಉತ್ತರ ಬರಲಿಲ್ಲ. ಅದೇ ಸೆಪ್ಟೆಂಬರ್ 11ರ ಸಂಜೆ ರಷ್ಯಾದ ಕ್ಷಿಪಣಿಗಳು ಅವರ ಊರಿನ ವಿದ್ಯುತ್ ಸ್ಥಾವರಕ್ಕೆ ಬಡಿದಿದ್ದವು, ಇಡೀ ಊರು ಕತ್ತಲಾಗಿತ್ತು. ನನ್ನ ನಕ್ಷೆಯಲ್ಲಿ ಅದು ಕಾಣುತ್ತಿರಲಿಲ್ಲ, ಯಾಕೆಂದರೆ ಊರು ಯಾರ ಕೈಗೂ ಹೋಗಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ. ಅವರ ಉತ್ತರ ಬಂದಿದ್ದು ಒಂದು ದಿನ ಬಿಟ್ಟು. ಒಂದೇ ಸಾಲು: 'ಕರೆಂಟ್ ಬಂತು, ರಾತ್ರಿ ಎರಡು ಗಂಟೆಗೆ ಎದ್ದು ಬಟ್ಟೆ ಒಗೆಯಲು ಹಾಕಿದೆ.'

ಇಜಿಯುಮ್ ಬಗ್ಗೆ ಒಂದು ಮಾತೂ ಇಲ್ಲ.

ಅಕ್ಟೋಬರ್ 10ರಿಂದ ಉಕ್ರೇನಿನ ಎಲ್ಲೆಡೆ ವಿದ್ಯುತ್ ಜಾಲದ ಮೇಲೆ ದಾಳಿ ಶುರುವಾದ ಮೇಲೆ ಅವರ ಮಾತುಗಳೆಲ್ಲ ಹೀಗೇ ಆದವು. ಎಷ್ಟು ಹೊತ್ತಿಗೆ ಕರೆಂಟ್ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಲಿಫ್ಟ್ ಹತ್ತುವುದೋ ಬೇಡವೋ. ಮಧ್ಯೆ ಸಿಕ್ಕಿಹಾಕಿಕೊಂಡರೆ ಗಂಟೆಗಟ್ಟಲೆ ಅಲ್ಲೇ. ಯುದ್ಧದ ಒಳಗಿರುವವರು ಯುದ್ಧವನ್ನು ನಮ್ಮಷ್ಟು ನೋಡುವುದಿಲ್ಲವೇನೋ ಎಂದು ನನಗೆ ಅನ್ನಿಸಿದ್ದು ಆಗಲೇ. ಅವರಿಗೆ ಪುರುಸೊತ್ತು ಎಲ್ಲಿದೆ?

ನಕ್ಷೆಯ ಈ ಚಟ ಹೊಸದೇನಲ್ಲ ಬಿಡಿ. ಹಿಂದೆ ಪತ್ರಿಕೆಯಲ್ಲಿ ಬಂದ ನಕ್ಷೆ ಗೋಡೆಗೆ ಅಂಟಿಸಿ, ಸೇನೆ ಮುಂದೆ ಹೋದ ಹಾಗೆಲ್ಲ ಗುಂಡುಸೂಜಿ ಸರಿಸುವವರಿದ್ದರು. 1942ರ ಫೆಬ್ರವರಿ 23ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡುವ ಮುಂಚೆ, ಎಲ್ಲರೂ ಒಂದು ಪ್ರಪಂಚದ ನಕ್ಷೆ ಎದುರಿಗೆ ಇಟ್ಟುಕೊಂಡು ಕೇಳಿ ಎಂದು ಜನರನ್ನು ಕೇಳಿಕೊಂಡಿದ್ದರು. ನಕ್ಷೆಗಳಿಗೆ ಜನ ಮುಗಿಬಿದ್ದರು. ಆದರೆ ಆ ಕೇಳುಗರಲ್ಲಿ ಬಹಳ ಮಂದಿಯ ಮಕ್ಕಳು ಆ ಸೂಜಿಗಳ ಜಾಗದಲ್ಲೇ ಇದ್ದರು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಸಿಎನ್‌ಎನ್ ಬಾಗ್ದಾದ್‌ನ ಹೋಟೆಲ್ ರೂಮಿನಿಂದಲೇ ನೇರವಾಗಿ ವರದಿ ಮಾಡಿತು. ಹಸಿರು ಬಣ್ಣದ ರಾತ್ರಿ, ಮೇಲಕ್ಕೆ ಹಾರುವ ಬೆಳಕಿನ ಚುಕ್ಕೆಗಳು. ಗುರಿಯಿಟ್ಟು ಕಿಟಕಿಯೊಳಗೇ ಹೋಗುವ 'ಸ್ಮಾರ್ಟ್' ಬಾಂಬ್‌ಗಳನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಆ ಯುದ್ಧದಲ್ಲಿ ಹಾಕಿದ ಬಾಂಬ್‌ಗಳಲ್ಲಿ ಅಂಥವು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದವೆಲ್ಲ ಹಳೇ ಥರದ, ಮೇಲಿಂದ ಸುರಿಯುವ ಬಾಂಬ್‌ಗಳು. ನೋಡುತ್ತಿದ್ದವರಿಗೆ ಬೆಂಕಿ ಮಾತ್ರ ಕಂಡಿತು, ಅದರಲ್ಲಿ ಸುಟ್ಟುಹೋದವರು ಕಾಣಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಪೂರ್ವ ಉಕ್ರೇನಿನ ಬಖ್ಮುತ್ ಎಂಬ ಊರಿಗಾಗಿ ಯುದ್ಧ ನಡೆಯುತ್ತಿದ್ದಾಗ, 2023ರ ಚಳಿಗಾಲದಲ್ಲಿ, ನಾನು ಆ ಊರಿನ ಬೀದಿ ಬೀದಿ ಹೆಸರು ಹೇಳುವಷ್ಟು ಪಂಡಿತನಾಗಿದ್ದೆ. ಒಂದು ರಾತ್ರಿ ಮಾಮೂಲಿ ಮ್ಯಾಪ್ ಆ್ಯಪ್‌ನಲ್ಲಿ ಅದೇ ಬೀದಿಗೆ ಝೂಮ್ ಮಾಡಿದಾಗ ಒಂದು ಬೇಕರಿ ಸಿಕ್ಕಿತು. ಕೆಳಗೆ ಗಿರಾಕಿಗಳ ಅಭಿಪ್ರಾಯ. ಯುದ್ಧಕ್ಕೆ ಎರಡು ವರ್ಷ ಮುಂಚೆ ಯಾರೋ ಎರಡು ಸ್ಟಾರ್ ಕೊಟ್ಟು ಬರೆದಿದ್ದರು: ಬ್ರೆಡ್ ಚೆನ್ನಾಗಿದೆ, ಆದರೆ ಕೌಂಟರ್‌ನಲ್ಲಿರುವ ಹುಡುಗಿ ನಗುವುದೇ ಇಲ್ಲ. ಅದರ ಕೆಳಗೆ ಇನ್ನೊಬ್ಬರು, ಅವಳು ಒಳ್ಳೆಯವಳು, ನೀವು ಬೆಳಗ್ಗೆ ಎಂಟಕ್ಕೆ ಹೋಗಿದ್ದೀರಿ ಅಷ್ಟೇ, ಎಂದು ಜಗಳ ತೆಗೆದಿದ್ದರು.

ಅವತ್ತು ನಿದ್ದೆ ಬರಲಿಲ್ಲ. ಎಷ್ಟೋ ತಿಂಗಳು ಡ್ರೋನ್ ವಿಡಿಯೋ ನೋಡಿದ್ದೇನೆ, ಅದ್ಯಾವುದೂ ಹೀಗೆ ಮಾಡಿರಲಿಲ್ಲ. ಆಮೇಲೆ ಆ ಊರಿನ ಬಗ್ಗೆ ಬೇರೆ ಥರ ಓದಿದೆ. ಯುದ್ಧಕ್ಕೆ ಮುಂಚೆ ಸುಮಾರು 70 ಸಾವಿರ ಜನ ಇದ್ದ ಊರು. ಹಳೆಯ ಜಿಪ್ಸಮ್ ಗಣಿಯ ಸುರಂಗಗಳಲ್ಲಿ ನೊರೆಯ ವೈನ್ ಮಾಡುತ್ತಿದ್ದರು. ಪಕ್ಕದಲ್ಲೇ ಸೊಲೆದಾರ್, ಅಂದರೆ ಉಪ್ಪಿನ ಕೊಡುಗೆ. ನೆಲದಡಿಯಲ್ಲಿ ದೊಡ್ಡ ಉಪ್ಪಿನ ಗಣಿ. 2023ರ ಮೇ ತಿಂಗಳಲ್ಲಿ ಬಖ್ಮುತ್ ರಷ್ಯಾದ ವಶವಾದಾಗ ಅಲ್ಲಿ ಊರು ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ನಕ್ಷೆಯಲ್ಲಿ ಮಾತ್ರ ಬಣ್ಣ ಬದಲಾಯಿತು.

ಇನ್ನು ಸುಳ್ಳು ಸುದ್ದಿಯ ವಿಷಯ. ಮೊದಲ ವಾರದ ವೀರಗಾಥೆಗಳನ್ನು ನಂಬಬೇಡಿ, ಅದು ಯಾರ ಕಡೆಯದ್ದಾದರೂ ಸರಿ. ಒಬ್ಬನೇ ಹಲವು ರಷ್ಯನ್ ವಿಮಾನ ಬೀಳಿಸಿದ 'ಕೀವ್‌ನ ಭೂತ' ಎಂಬ ಪೈಲಟ್ ಕಥೆಯನ್ನು ನಾನೂ ಹತ್ತಾರು ಜನಕ್ಕೆ ಕಳಿಸಿದ್ದೆ. ಎರಡು ತಿಂಗಳ ಮೇಲೆ ಉಕ್ರೇನಿನ ವಾಯುಪಡೆಯೇ, ಅಂಥ ಒಬ್ಬ ವ್ಯಕ್ತಿ ಇಲ್ಲ, ಅದು ಜನ ಕಟ್ಟಿದ ಕಥೆ ಎಂದಿತು. ಕಪ್ಪು ಸಮುದ್ರದಲ್ಲಿರುವ ಉಕ್ರೇನಿನ ಹಾವಿನ ದ್ವೀಪದ ಕಾವಲುಗಾರರು ಎಲ್ಲರೂ ಸತ್ತರು ಎಂದು ಉಕ್ರೇನಿನ ಅಧ್ಯಕ್ಷರೇ ಹೇಳಿದ್ದರು. ಕೆಲವೇ ದಿನದಲ್ಲಿ ಅವರು ಬದುಕಿದ್ದಾರೆ, ಸೆರೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಆರ್ಮಾ 3 ಎಂಬ ವಿಡಿಯೋ ಗೇಮ್‌ನ ತುಣುಕುಗಳು ನಿಜವಾದ ಯುದ್ಧ ಎಂದು ಎಷ್ಟು ಸಲ ಹರಿದಾಡಿದವೆಂದರೆ, ಗೇಮ್ ಮಾಡಿದ ಕಂಪನಿಯೇ ಗುರುತಿಸುವುದು ಹೇಗೆ ಎಂದು ಜನರಿಗೆ ತಿಳಿಸಿಕೊಡಬೇಕಾಯಿತು. ಕ್ಯಾಮೆರಾ ವಿಪರೀತ ಅಲುಗಾಡುತ್ತಿದೆಯಾ, ಕತ್ತಲಾ, ಜನರೇ ಕಾಣುತ್ತಿಲ್ಲವಾ? ಅನುಮಾನ ಪಡಿ. ಒಂದು ದಿನ ಕಾದು ಹಂಚಿದರೆ ಯಾರಿಗೂ ಏನೂ ನಷ್ಟ ಇಲ್ಲ. ನಾನು ಇದನ್ನು ಕಲಿತಿದ್ದು ಎಲ್ಲರಿಗೂ ಕಳಿಸಿ ಆದ ಮೇಲೆ.

ಜಗಳದ ಬಗ್ಗೆ ಕೇಳಿದ್ದೀರಿ. ಏನಾದರೂ ಮಾಡಬೇಕು ಅನ್ನಿಸುತ್ತದೆ, ಮಾಡಲು ಏನೂ ಇರುವುದಿಲ್ಲ, ಕೈಗೆ ಸಿಕ್ಕವರ ಮೇಲೆ ಎಗರುತ್ತೇವೆ. 2022ರ ಮಾರ್ಚ್‌ನಲ್ಲಿ ಅಮೆರಿಕದ ಕೆಲವು ಬಾರ್‌ಗಳವರು ರಷ್ಯಾದ ಮೇಲಿನ ಸಿಟ್ಟಿಗೆ ಸ್ಟೊಲಿಚ್ನಾಯಾ ವೋಡ್ಕಾವನ್ನು ಮೋರಿಗೆ ಸುರಿದರು. ಅದು ತಯಾರಾಗುತ್ತಿದ್ದುದು ಲಾಟ್ವಿಯಾದಲ್ಲಿ! ಪಾಪ, ಕಂಪನಿ ಕೊನೆಗೆ ಹೆಸರನ್ನೇ 'ಸ್ಟೊಲಿ' ಎಂದು ಬದಲಿಸಿಕೊಂಡಿತು. (2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲವೆಂದು ಅಮೆರಿಕದ ಸಂಸತ್ತಿನ ಕ್ಯಾಂಟೀನ್‌ನಲ್ಲಿ 'ಫ್ರೆಂಚ್ ಫ್ರೈಸ್' ಹೆಸರು 'ಫ್ರೀಡಂ ಫ್ರೈಸ್' ಆಗಿತ್ತು. ಆಲೂಗಡ್ಡೆ ಏನು ಮಾಡಿತ್ತೋ.) ಅದೇ 2022ರ ಮಾರ್ಚ್‌ನಲ್ಲಿ ಇನ್ನೊಂದು ಕೂಡ ನಡೆಯಿತು. ಹೋಗಿ ಉಳಿಯುವ ಯೋಚನೆಯೇ ಇಲ್ಲದ ಜನ, ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯಲ್ಲಿ ಉಕ್ರೇನಿನ ಮನೆಗಳನ್ನು ಬುಕ್ ಮಾಡಿದರು, ಮನೆಯವರಿಗೆ ನೇರವಾಗಿ ದುಡ್ಡು ಸಿಗಲಿ ಎಂದು. ಎರಡೇ ದಿನದಲ್ಲಿ 60 ಸಾವಿರಕ್ಕೂ ಜಾಸ್ತಿ ರಾತ್ರಿಗಳು. ಇದರಲ್ಲಿ ಮೋಸ ಮಾಡಿದವರೂ ಇದ್ದಿರಬಹುದು. ಆದರೂ ವೋಡ್ಕಾ ಸುರಿಯುವುದಕ್ಕಿಂತ ಇದು ಎಷ್ಟೋ ಮೇಲು ಅಂತ ನನ್ನ ಲೆಕ್ಕ.

ನಾನು ಯಾವ ಪಕ್ಷವನ್ನೂ ಹಿಡಿಯಬೇಡಿ ಎನ್ನುತ್ತಿಲ್ಲ. ಯಾರು ಯಾರ ಮನೆಗೆ ನುಗ್ಗಿದರು ಎನ್ನುವುದು ಮುಖ್ಯವೇ. ನನಗೆ ನಾಚಿಕೆಯಾಗುವುದು ಬೇರೆ ವಿಷಯಕ್ಕೆ. 2023ರ ಏಪ್ರಿಲ್ 15ರಂದು ಸುಡಾನ್‌ನ ಖಾರ್ಟೂಮ್‌ನಲ್ಲಿ ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಆ ಹೊತ್ತಿಗೆ ನಾನು ಯುದ್ಧ ನೋಡುವುದರಲ್ಲಿ ಒಂದು ವರ್ಷದ ಅನುಭವಿ. ಆದರೂ ಸುಡಾನ್‌ನ ಒಂದು ನಕ್ಷೆ ತೆರೆಯಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು ಎಂದು ಓದಿದ್ದು ಎಷ್ಟೋ ತಿಂಗಳ ಮೇಲೆ, ಅದೂ ಬೇರೇನೋ ಹುಡುಕುವಾಗ. ಯಾಕೆ ಎಂದು ಯೋಚಿಸಿದೆ. ಅಲ್ಲಿ ಇಬ್ಬರು ಜನರಲ್‌ಗಳ ಕಿತ್ತಾಟ, ಜೈ ಅನ್ನಲು ನನಗೆ ಒಂದು 'ನಾವು' ಸಿಗಲಿಲ್ಲ. ವಿಡಿಯೋ ಕಮ್ಮಿ. 2024ರ ಫೆಬ್ರವರಿಯಲ್ಲಂತೂ ದೇಶದ ಬಹುಭಾಗದಲ್ಲಿ ಇಂಟರ್ನೆಟ್ಟೇ ನಿಂತುಹೋಗಿತ್ತು. ಕಾಣದ ಯುದ್ಧವನ್ನು ನೋಡುವ ಚಟ ಯಾರಿಗೂ ಹತ್ತುವುದಿಲ್ಲ. ನನಗೆ ಯುದ್ಧದ ಚಿಂತೆ ಇತ್ತೋ, ನೋಡುವ ಚಟ ಇತ್ತೋ, ಈಗಲೂ ಪೂರ್ತಿ ಗೊತ್ತಾಗಿಲ್ಲ.

ಈಗ ಏನು ಮಾಡುತ್ತೇನೆ? ನೋಟಿಫಿಕೇಶನ್ ಎಲ್ಲ ಬಂದ್. ಭಾನುವಾರ ಬೆಳಗ್ಗೆ ಒಂದು ಗಂಟೆ ಕೂತು ವಾರದ ಸುದ್ದಿ ಓದುತ್ತೇನೆ, ವಿಡಿಯೋ ನೋಡುವುದಿಲ್ಲ. ಸುಡಾನ್ ಹೆಸರು ಹಾಕಿ ನಾನೇ ಹುಡುಕುತ್ತೇನೆ, ತಾನಾಗಿ ಅದು ಎದುರಿಗೆ ಬರುವುದಿಲ್ಲ. ಪರಿಹಾರ ಕೆಲಸ ಮಾಡುವವರಿಗೆ ತಿಂಗಳಿಗೆ ಒಂದಿಷ್ಟು ದುಡ್ಡು ಕಳಿಸುತ್ತೇನೆ. ಸಾಮಾನು ಕಳಿಸಬೇಡಿ, ಸಾಗಿಸುವುದೇ ಅವರಿಗೆ ದೊಡ್ಡ ತಲೆನೋವು. ನೋಡುವುದು ಕಮ್ಮಿ ಮಾಡಿದರೆ ಮೊದಲ ವಾರ ಏನೋ ದ್ರೋಹ ಮಾಡಿದ ಹಾಗನ್ನಿಸುತ್ತದೆ. ನನಗೂ ಅನ್ನಿಸಿತ್ತು. ನಾನು ನೋಡದೇ ಇದ್ದುದರಿಂದ ಅಲ್ಲಿ ಒಂದು ಗುಂಡೂ ಜಾಸ್ತಿ ಹಾರಲಿಲ್ಲ.

ನಿಮ್ಮ ಪರಿಚಯದವರ ವಿಷಯಕ್ಕೆ ಬರೋಣ. ರಾಜಕೀಯ ಕೇಳಬೇಡಿ, ಯಾರು ಗೆಲ್ಲಬಹುದು ಅಂತಂತೂ ಬೇಡವೇ ಬೇಡ. ನೀವು ನೋಡಿದ ವಿಡಿಯೋ ಕಳಿಸಬೇಡಿ. ಅದು ಅವರದೇ ಬೀದಿ ಆಗಿರಬಹುದು. 'ಹೇಗಿದ್ದೀರಿ' ಎಂದರೆ ಉತ್ತರ ಕೊಡುವುದೂ ಅವರಿಗೆ ಒಂದು ಕೆಲಸ. ನಾನು ಈಗ ಖಾರ್ಕಿವ್‌ನವರಿಗೆ ಹೀಗೆ ಬರೆಯುತ್ತೇನೆ: 'ನಿಮ್ಮ ನೆನಪಾಯಿತು. ನಿಮ್ಮ ಪಾಲಿನ ಕೆಲಸ ಈ ವಾರ ನಾನು ನೋಡಿಕೊಳ್ಳಲಾ? ಉತ್ತರ ಕೊಡಲೇಬೇಕು ಅಂತಿಲ್ಲ.' ಒಮ್ಮೊಮ್ಮೆ ಹೌದು ಎನ್ನುತ್ತಾರೆ. ಒಮ್ಮೊಮ್ಮೆ ಬೆಕ್ಕಿನ ಫೋಟೋ ಬರುತ್ತದೆ. ಮೂರು ದಿನ ಏನೂ ಬರದಿದ್ದರೂ ಮತ್ತೆ ಮತ್ತೆ ಮೆಸೇಜ್ ಹಾಕಬೇಡಿ. ಕರೆಂಟ್ ಇಲ್ಲದಿದ್ದರೆ ಫೋನ್‌ನಲ್ಲಿ ಉಳಿದಿರುವ ಚಾರ್ಜ್ ಅವರಿಗೆ ಬೇರೆಯದಕ್ಕೆ ಬೇಕಾಗಿರುತ್ತದೆ.