ಓದುಗರ ಪ್ರಶ್ನೆ: ಅಡಿಕೆ ಲೆಕ್ಕಕ್ಕೆ ಓಪನ್ ಸೋರ್ಸ್ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ರೈತ ಉತ್ಪಾದಕ ಕಂಪನಿ. ಸದಸ್ಯರ ಅಡಿಕೆ ಕೊಂಡು, ವಿಂಗಡಿಸಿ ಶಿವಮೊಗ್ಗ ಮಾರುಕಟ್ಟೆಗೆ ಕಳಿಸುತ್ತೇವೆ. ಲೆಕ್ಕ ಟ್ಯಾಲಿಯಲ್ಲಿದೆ, ದಾಸ್ತಾನು, ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ. ಇಆರ್‌ಪಿನೆಕ್ಸ್ಟ್ ಇಲ್ಲವೇ ಓಡೂ ಎಂಬ, ಲೆಕ್ಕ, ದಾಸ್ತಾನು ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶ ಹಾಕಿಸಿ, ಎರಡೂ ಪುಕ್ಕಟೆ ಅನ್ನುತ್ತಾರೆ. ಹೇಗೆ ಪರೀಕ್ಷಿಸಿ ತೀರ್ಮಾನಿಸುವುದು?

ಉತ್ತರ: ಮೊದಲು ಆ ‘ಪುಕ್ಕಟೆ’ಯನ್ನೇ ಬಿಡಿಸಿ ನೋಡಿ. ಇಆರ್‌ಪಿನೆಕ್ಸ್ಟ್ ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಓಡೂಗೆ ಎರಡು ಆವೃತ್ತಿ: ಕಮ್ಯುನಿಟಿ ಮುಕ್ತ, ಎಂಟರ್‌ಪ್ರೈಸ್‌ಗೆ ಚಂದಾ ಕಟ್ಟಬೇಕು. ಬ್ಯಾಲೆನ್ಸ್ ಶೀಟ್‌ವರೆಗಿನ ಪೂರ್ತಿ ಅಕೌಂಟಿಂಗ್ ಇರುವುದು ಎಂಟರ್‌ಪ್ರೈಸ್‌ನಲ್ಲಿ. ಡೆಮೊ ಮುಗಿದ ಕೂಡಲೇ ‘ನೀವು ತೋರಿಸಿದ್ದು ಯಾವ ಆವೃತ್ತಿ?’ ಎಂದು ಕೇಳಿ. ಇಆರ್‌ಪಿನೆಕ್ಸ್ಟ್‌ಗೆ ಜಿಎಸ್‌ಟಿಗಾಗಿ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಆ್ಯಪ್ ಬೇರೆಯಾಗಿ ಹಾಕಬೇಕು.

ಡೆಮೊದಲ್ಲಿ ಎಲ್ಲವೂ ಚೆಂದವೇ. ನಿಮ್ಮ ಪರೀಕ್ಷೆಗೆ ಕಳೆದ ಕೊಯ್ಲಿನ ಒಂದು ವಾರದ ಖರೀದಿ ಚೀಟಿಗಳನ್ನು ತೆಗೆದುಕೊಳ್ಳಿ, ತೂಕದ ಮನೆಯಲ್ಲಿ ಕೂರುವವರೇ ಅವನ್ನು ನಮೂದಿಸಲಿ. ಎಡವಟ್ಟಾಗುವುದು ವಿಂಗಡಣೆಯಲ್ಲಿ. ಉದಾಹರಣೆಗೆ, 10 ಕ್ವಿಂಟಾಲ್ ಅಡಿಕೆಯನ್ನು 4,50,000 ರೂಪಾಯಿಗೆ ಕೊಂಡಿರಿ. ವಿಂಗಡಿಸಿದಾಗ ದುಬಾರಿ ದರ್ಜೆಯ ರಾಶಿ 800 ಕೆಜಿ, ಅಗ್ಗದ ದರ್ಜೆಯ ಗೊರಬಲು 185 ಕೆಜಿ, ಒಣಗಿ ಹೋದದ್ದು 15 ಕೆಜಿ. ಇದನ್ನು ಇಆರ್‌ಪಿನೆಕ್ಸ್ಟ್‌ನ ‘ರೀಪ್ಯಾಕ್’ (ಒಂದು ಸರಕನ್ನು ಬೇರೆ ಸರಕುಗಳಾಗಿ ಬದಲಿಸುವ) ನಮೂದಿನಲ್ಲಿ ಹಾಕಿದರೆ, ಅದು ಹಣವನ್ನು ತೂಕದ ಮೇಲೆ ಹಂಚಿ ಎರಡಕ್ಕೂ ಕೆಜಿಗೆ ಸುಮಾರು 457 ರೂಪಾಯಿ ಅಸಲು ಕೂರಿಸುತ್ತದೆ. ಆಮೇಲೆ ಗೊರಬಲು ಮಾರಿದಾಗೆಲ್ಲ ನಷ್ಟ, ರಾಶಿ ಮಾರಿದಾಗೆಲ್ಲ ಇಲ್ಲದ ಲಾಭ! ಆ ಸಾಲುಗಳಲ್ಲಿ ದರವನ್ನು ಕೈಯಾರೆ ಕೊಡುವ ಆಯ್ಕೆ ಇದೆ, ಅದನ್ನು ಬಳಸಿ. ಓಡೂ ನೋಡುವಾಗಲೂ ಇದೇ ಚೀಟಿಗಳನ್ನೇ ಹಾಕಿ, ಇದೇ ಪ್ರಶ್ನೆಯನ್ನೇ ಕೇಳಿ. ವಾರದ ಕೊನೆಗೆ ದಾಸ್ತಾನಿನ ಮೌಲ್ಯ ಟ್ಯಾಲಿಯೊಂದಿಗೆ ತಾಳೆಯಾಗದಿದ್ದರೆ, ವ್ಯತ್ಯಾಸ ಎಲ್ಲಿ ಹುಟ್ಟಿತೆಂದು ಗೊತ್ತಾಗುವ ತನಕ ಮುಂದಿನ ಹೆಜ್ಜೆ ಬೇಡ.

ಇನ್ನು ಕನ್ನಡದ ಪಾಡು. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಏರಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ಪರಿವರ್ತಿಸಿದ ಮೇಲೂ ಕಣ್ಣಿಗೆ ಕಾಣದ ತಪ್ಪೊಂದು ಉಳಿದಿರಬಹುದು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಮಂಜಪ್ಪ’ ಮತ್ತು ‘ಮ೦ಜಪ್ಪ’ ನೋಡಲು ಒಂದೇ, ಹುಡುಕಿದರೆ ಒಬ್ಬ ಸಿಗುತ್ತಾನೆ, ಇನ್ನೊಬ್ಬ ನಾಪತ್ತೆ. ಬಿಲ್ಲಿನ ಪಿಡಿಎಫ್‌ನಲ್ಲಿ ಕನ್ನಡದ ಬದಲು ಚೌಕಗಳು ಬಂದರೆ ಗಾಬರಿಯಾಗಬೇಡಿ, ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೆ. ನೋಟೊ ಸಾನ್ಸ್ ಕನ್ನಡ ಹಾಕಿದರೆ ಸರಿಹೋಗುತ್ತದೆ.

ನೀವು ಕಂಪನಿ ಕಾಯ್ದೆಯಡಿ ನೋಂದಾಯಿತರು, ಆದ್ದರಿಂದ 2023ರ ಏಪ್ರಿಲ್ 1ರಿಂದ ಶುರುವಾದ ಹಣಕಾಸು ವರ್ಷದಿಂದ ಲೆಕ್ಕದ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ ಕಡ್ಡಾಯ: ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬುದು ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ತಂತ್ರಾಂಶದಲ್ಲಿ ಇದು ಸರಿಯಿದ್ದರೂ ಡೇಟಾಬೇಸ್ ಪಾಸ್‌ವರ್ಡ್ ಇರುವವರು ಹಿಂಬಾಗಿಲಿನಿಂದ ಅಂಕಿ ಬದಲಿಸಬಹುದು. ಅದು ಯಾರ ಕೈಯಲ್ಲಿದೆ ಎಂದು ನಿಮ್ಮ ಆಡಿಟರ್ ಕೇಳುವ ಮೊದಲೇ ನೀವು ಕೇಳಿ.

ಪ್ರಶ್ನೆ: ಸಾಗರದ ನಮ್ಮ ಕಚೇರಿಯಲ್ಲೇ ಸರ್ವರ್ ಇಡಬಹುದೇ? ಮಳೆಗಾಲದಲ್ಲಿ ಕರೆಂಟಿನದೇ ತಾಪತ್ರಯ.

ಉತ್ತರ: ಬೇಡ, ಬಾಡಿಗೆ ಕ್ಲೌಡ್ ಸರ್ವರ್ ಸಾಕು. ನಾಲ್ಕೈದು ಜನರ ಬಳಕೆಗೆ 4 ಜಿಬಿ ಮೆಮೊರಿಯಿಂದ ಶುರುಮಾಡಿ. ನೆಟ್ ಕೈಕೊಟ್ಟ ದಿನಕ್ಕೆ ಮುದ್ರಿತ ಚೀಟಿ ಪುಸ್ತಕ ಇಟ್ಟುಕೊಳ್ಳಿ, ಸಂಜೆ ನಮೂದಿಸಿದರಾಯಿತು. ಇಆರ್‌ಪಿನೆಕ್ಸ್ಟ್ ಮಾಡುವ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಕೂತಿರುತ್ತದೆ, ಬೇರೆಡೆ ನಕಲು ಮಾಡಿಸಿ. ‘ಸೈಟ್ ಕಾನ್ಫಿಗ್’ ಎಂಬ ಸೆಟ್ಟಿಂಗ್ ಕಡತವೂ ಜೊತೆಗಿರಲಿ. ಅದರೊಳಗಿನ ಎನ್‌ಕ್ರಿಪ್ಷನ್ ಕೀ ಕಳೆದರೆ ಉಳಿಸಿಟ್ಟ ಇಮೇಲ್ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನ್ನು ಖಾಲಿ ಯಂತ್ರದಲ್ಲಿ ಮರಳಿ ಏರಿಸಿ ನೋಡಿ.

ಪ್ರಶ್ನೆ: ನಮಗಾಗಿ ಬರೆದ ಕೋಡ್ ಕೊಡುವುದಿಲ್ಲ ಅನ್ನುತ್ತಾರೆ ಮಾಡಿಕೊಟ್ಟವರು. ಜಿಪಿಎಲ್ ಪ್ರಕಾರ ಕೊಡಬೇಕಲ್ಲವೇ?

ಉತ್ತರ: ತಂತ್ರಾಂಶದ ಪ್ರತಿಯನ್ನು ನಿಮ್ಮ ಸರ್ವರ್‌ಗೆ ಕೊಟ್ಟಿದ್ದರೆ ಮೂಲ ಕೋಡ್ ಕೇಳುವ ಹಕ್ಕು ನಿಮಗಿದೆ. ಅವರದೇ ಸರ್ವರ್‌ನಲ್ಲಿ ನಡೆಸಿ ನಿಮಗೆ ಲಾಗಿನ್ ಮಾತ್ರ ಕೊಟ್ಟಿದ್ದರೆ ಜಿಪಿಎಲ್ ನೆರವಿಗೆ ಬರುವುದಿಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಬರೆಸಿ: ಬದಲಾವಣೆಗಳೆಲ್ಲ ಪ್ರತ್ಯೇಕ ಆ್ಯಪ್‌ನಲ್ಲಿರಬೇಕು, ಕೋಡ್ ನಿಮ್ಮ ಹೆಸರಿನ ಗಿಟ್ (ಕೋಡನ್ನೂ ಅದರ ಬದಲಾವಣೆಗಳನ್ನೂ ಕಾಪಿಡುವ ವ್ಯವಸ್ಥೆ) ಖಾತೆಯಲ್ಲಿರಬೇಕು. ತಂತ್ರಾಂಶದ ಜೊತೆಗೇ ಬಂದ ಕೋಡನ್ನೇ ತಿದ್ದಿದ್ದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಎಲ್ಲ ಮತ್ತೆ ಮಾಡಿಸಬೇಕಾದೀತು.