ನಿದ್ದೇಲಿ ಎದೆ ಮೇಲೆ ಬಂದು ಕೂರೋರು ಯಾರು?

ಪ್ರಶ್ನೆ: ಮೇಡಂ ನಮಸ್ತೆ. ನಂದು ಕೊಡಗಿನ ಸುಂಟಿಕೊಪ್ಪ ಹತ್ರ, ವಯಸ್ಸು 26, ಅಪ್ಪಂದು ನಾಲ್ಕು ಎಕರೆ ರೋಬಸ್ಟಾ ಕಾಫಿ ತೋಟ. ಈ ಸಲ ಕಾಫಿ ಹೂ ಅರಳಿಸೋ ಹೂ ಮಳೆ ಕೈ ಕೊಡ್ತು ಅಂತ ಬಾಡಿಗೆ ಮೋಟಾರ್ ತಂದು ಕೆರೆಯಿಂದ ಸ್ಪ್ರಿಂಕ್ಲರ್ ಹೊಡೀತಿದ್ವಿ, ಮೂರ್ನಾಲ್ಕು ಗಂಟೆಗೊಂದ್ಸಲ ನೀರು ಚಿಮ್ಮೋ ಜೆಟ್ ಜಾಗ ಬದಲಾಯಿಸ್ಬೇಕು ಹಾಗಾಗಿ ರಾತ್ರಿ ಪೂರ್ತಿ ನಾನೇ ತೋಟದಲ್ಲಿ ಇರ್ತಿದ್ದೆ, ಆನೆ ಭಯ ಬೇರೆ, ಬೆಳಿಗ್ಗೆ ಆರಕ್ಕೆ ಬಂದು ಬಿದ್ಕೊಂಡು ಒಂಬತ್ತಕ್ಕೆ ಏಳೋದು. ಒಂದು ದಿನ ಎಚ್ಚರ ಆಯ್ತು, ಕಣ್ಣು ಬಿಟ್ಟಿದೀನಿ, ಫ್ಯಾನ್ ಕಾಣ್ತಿದೆ, ಅಡುಗೆಮನೇಲಿ ಅಮ್ಮ ಒಗ್ಗರಣೆ ಹಾಕೋ ಸದ್ದೂ ಕೇಳ್ತಿದೆ, ಆದ್ರೆ ಒಂದು ಬೆರಳೂ ಅಲ್ಲಾಡ್ತಿಲ್ಲ. ಬಾಗಿಲ ಹತ್ರ ಕಂಬಳಿ ಕೊಪ್ಪೆ ಹಾಕ್ಕೊಂಡವನು ಒಬ್ಬ ನಿಂತಿದ್ದ, ಮುಖ ಇಲ್ಲ. ಮೆಲ್ಲಗೆ ಬಂದು ಎದೆ ಮೇಲೆ ಕೂತ. ಉಸಿರು ಕಟ್ಟಿ ಸತ್ತೇ ಹೋದೆ ಅಂದ್ಕೊಂಡೆ. ಅಮ್ಮಾ ಅಂತ ಕಿರುಚ್ತಾ ಇದೀನಿ ಸೌಂಡೇ ಬರ್ತಿಲ್ಲ. ಇಲ್ಲಿವರೆಗೆ ಐದು ಸಲ ಆಗಿದೆ. ಹಿಂದಿನ ವರ್ಷ ನಮ್ಮ ಪಕ್ಕದ ತೋಟದಲ್ಲಿ ಆನೆ ತುಳಿದು ಒಬ್ರು ಸತ್ತಿದ್ರು, ಅವರೇ ಬರ್ತಿರೋದು, ಜ್ಯೋತಿಷಿ ಹತ್ರ ಪ್ರಶ್ನೆ ಇಡಿಸಿ ಗುಳಿಗ ದೈವಕ್ಕೆ ಕೋಳಿ ಕೊಡ್ಬೇಕು ಅಂತ ಅಮ್ಮ ಹಠ ಹಿಡಿದಿದಾರೆ. ಫ್ರೆಂಡ್ ಒಬ್ಬ ಇದು ಸ್ಲೀಪ್ ಪ್ಯಾರಾಲಿಸಿಸ್ ಅಂದ. ನಮ್ಮ ತಾತ ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ರು ಮೇಡಂ, ಆ ಹೆಸರು ಕೇಳಿ ಇನ್ನೂ ಜಾಸ್ತಿ ಭಯ ಆಗಿದೆ. ಈಗ ಮಲಗೋಕೇ ಹೆದರಿಕೆ. ದಯವಿಟ್ಟು ಹೆಸರು ಹಾಕ್ಬೇಡಿ.

ಉತ್ತರ: ಹೆಸರು ಹಾಕಲ್ಲ. ಮೊದ್ಲು ಲಕ್ವದ ವಿಷಯ ಮುಗಿಸ್ತೀನಿ, ಅದು ತಲೇಲಿ ಇಟ್ಕೊಂಡು ಮಿಕ್ಕಿದ್ದು ಓದಿದ್ರೆ ಏನೂ ಒಳಗೆ ಹೋಗಲ್ಲ. ನಿಮ್ಮ ತಾತಂಗೆ ಆಗಿದ್ದು ಸ್ಟ್ರೋಕ್, ಮಿದುಳಿಗೆ ಹೋಗೋ ರಕ್ತನಾಳ ಕಟ್ಟಿಕೊಂಡೋ ಒಡೆದೋ ಆಗೋದು, ಅದರಲ್ಲಿ ಸಾಮಾನ್ಯವಾಗಿ ಒಂದು ಕಡೆ ಕೈಕಾಲು ಬಿದ್ದು ಹೋಗುತ್ತೆ, ಬಾಯಿ ಸೊಟ್ಟ ಆಗುತ್ತೆ, ಮಾತು ತೊದಲುತ್ತೆ, ಎದ್ದು ಕೂತ ಮೇಲೂ ಹಾಗೇ ಇರುತ್ತೆ. ನಿಮ್ಮ ಫ್ರೆಂಡ್ ಹೇಳಿದ ಸ್ಲೀಪ್ ಪ್ಯಾರಾಲಿಸಿಸ್ಸೇ ನಿಮಗೆ ಆಗ್ತಿರೋದು, ಅದು ಎರಡೂ ಕಡೆ ಒಟ್ಟಿಗೆ, ನಿದ್ದೆಯಿಂದ ಏಳೋ ಹೊತ್ತಿಗೆ ಮಾತ್ರ, ಕೆಲವು ಸೆಕೆಂಡು ಇಲ್ಲಾ ಒಂದೆರಡು ನಿಮಿಷ, ಆಮೇಲೆ ಎದ್ದು ಹೋಗಿ ತಿಂಡಿ ತಿಂತೀರಿ. ಎರಡಕ್ಕೂ ಸಂಬಂಧ ಇಲ್ಲ. ಕನ್ನಡ ಪೇಪರ್‌ನೋರು ಇದಕ್ಕೆ ನಿದ್ರಾ ಪಾರ್ಶ್ವವಾಯು ಅಂತ ಬರೆದು ಇನ್ನೂ ಹೆದರಿಸ್ತಾರೆ, ನನಗಂತೂ ಆ ಹೆಸರು ಇಷ್ಟ ಇಲ್ಲ.

ಇನ್ನು ಕೊಪ್ಪೆಯವನ ವಿಷಯ. ನಿಮ್ಮ ಪತ್ರ ಓದ್ತಾ ನನಗೆ ನನ್ನ ಹಾಸ್ಟೆಲ್ ರೂಮೇ ಕಣ್ಮುಂದೆ ಬಂತು. ಡಾಕ್ಟರ್ ಓದು ಮುಗಿಸಿ ಹೌಸ್ ಸರ್ಜನ್ಸಿ ಮಾಡ್ತಿದ್ದ ಟೈಮಲ್ಲಿ ಹೆರಿಗೆ ವಾರ್ಡಲ್ಲಿ ನೈಟ್ ಡ್ಯೂಟಿ ಮುಗಿಸಿ ಮಧ್ಯಾಹ್ನ ಬಂದು ಬಟ್ಟೆನೂ ಬದಲಾಯಿಸದೆ ಅಂಗಾತ ಬಿದ್ದಿದ್ದೆ. ಎಚ್ಚರ ಆದಾಗ ಕಾಲ ಹತ್ರ ಮಂಚ ಕುಸೀತು, ಯಾರೋ ಕೂತ ಹಾಗೆ. ಬಿಳಿ ಸೀರೆ. ನಿಧಾನಕ್ಕೆ ಮೇಲೆ ಮೇಲೆ ಸರೀತಾ ಬಂದ್ಲು. ಪಕ್ಕದ ಟೇಬಲ್ಲಲ್ಲಿ ನನ್ನ ರೂಮ್‌ಮೇಟ್ ಓದ್ತಾ ಕೂತಿದಾಳೆ, ಪುಟ ತಿರುವೋ ಸದ್ದು ಸ್ಪಷ್ಟ ಕೇಳ್ತಿದೆ, ಅವಳ ಹೆಸರು ಹಿಡ್ಕೊಂಡು ಕೂಗಿದ್ದೇ ಕೂಗಿದ್ದು. ಆಮೇಲೆ ಕೇಳಿದ್ರೆ ನೀನು ಕಣ್ಣು ಅರ್ಧ ಬಿಟ್ಕೊಂಡು ಹ್ಮ್ ಹ್ಮ್ ಅಂತಿದ್ದೆ ಕಣೆ, ಕನಸಿರಬೇಕು ಅಂತ ಸುಮ್ಮನಾದೆ ಅಂದ್ಲು! ತಮಾಷೆ ಏನಪ್ಪಾ ಅಂದ್ರೆ ಇದೇ ವಿಷಯದ ಮೇಲೆ ಫಿಸಿಯಾಲಜಿ ಎಕ್ಸಾಮಲ್ಲಿ ಉತ್ತರ ಬರೆದು ಮಾರ್ಕ್ಸ್ ತಗೊಂಡವಳು ನಾನು, ಆದ್ರೂ ಹದಿನೈದು ದಿನ ಆ ಮಂಚದಲ್ಲಿ ಮಲಗಲಿಲ್ಲ. ಹಾಗಾಗಿ ಭಯ ಪಡ್ಬೇಡಿ ಅಂತ ಬರೀ ಬಾಯಿಮಾತಿಗೆ ನಿಮಗೆ ಹೇಳಲ್ಲ, ಭಯ ಆಗೇ ಆಗುತ್ತೆ, ಯಾಕೆ ಆಗುತ್ತೆ ಅಂತ ಹೇಳ್ತೀನಿ.

ನಮ್ಮ ನಿದ್ದೆ ಒಂದೇ ಸಮ ಇರಲ್ಲ, ಸುಮಾರು 90 ನಿಮಿಷಕ್ಕೊಂದು ಸುತ್ತು ಬರುತ್ತೆ, ಪ್ರತಿ ಸುತ್ತಿನ ಕೊನೇಲಿ ರೆಮ್ ಅನ್ನೋ ಹಂತ ಇರುತ್ತೆ. 1953ರಲ್ಲಿ ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಅನ್ನೋರು ಕಂಡುಹಿಡಿದಿದ್ದು, ರೆಪ್ಪೆ ಒಳಗೆ ಕಣ್ಣು ಪಟಪಟ ಓಡಾಡುತ್ತೆ, ಜೋರು ಜೋರು ಕನಸು ಬೀಳೋದು ಹೆಚ್ಚಾಗಿ ಆವಾಗ್ಲೇ. ಕನಸಲ್ಲಿ ಓಡಿದ ಹಾಗೆ ಮಂಚದ ಮೇಲೂ ಓಡೋಕೆ ಹೋದ್ರೆ ಕೈಕಾಲು ಮುರ್ಕೋತೀವಿ, ಅದಕ್ಕೆ ಆ ಹಂತದಲ್ಲಿ ಮಿದುಳಿನ ಬುಡದಿಂದ ಮೈಯ ಸ್ನಾಯುಗಳಿಗೆ ಸ್ಟಾಪ್ ಅಂತ ಸಿಗ್ನಲ್ ಹೋಗುತ್ತೆ. ನಿಮಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ ಮೋಟಾರ್ ಓಡ್ತಾನೇ ಇದೆ, ಗೇಟ್ ವಾಲ್ವ್ ಬಂದ್ ಮಾಡಿದೀರಿ, ಜೆಟ್ಟಿಗೆ ನೀರು ಹೋಗ್ತಿಲ್ಲ, ಅಷ್ಟೇ. ಇದು ದಿನಾ ರಾತ್ರಿ ನಿಮಗೂ ನನಗೂ ಎಲ್ಲರಿಗೂ ಆಗೋದೇ, ನಮಗೆ ಗೊತ್ತಾಗಲ್ಲ ಯಾಕಂದ್ರೆ ಆವಾಗ ನಾವು ನಿದ್ದೇಲಿ ಇರ್ತೀವಿ. ಕೆಲವೊಮ್ಮೆ ಏನಾಗುತ್ತೆ ಅಂದ್ರೆ ಎಚ್ಚರ ಮೊದ್ಲು ಬಂದುಬಿಡುತ್ತೆ, ವಾಲ್ವ್ ತೆಗೆಯೋದು ಸ್ವಲ್ಪ ಲೇಟಾಗುತ್ತೆ, ಕನಸೂ ಇನ್ನೂ ಪೂರ್ತಿ ನಿಂತಿರಲ್ಲ. ನಿಜವಾದ ರೂಮು, ನಿಜವಾದ ಫ್ಯಾನು, ನಿಜವಾದ ಒಗ್ಗರಣೆ ಸದ್ದು, ಅದರ ಮೇಲೆ ಒಂದು ತುಂಡು ಕನಸು ಅಂಟಿಕೊಂಡಿರುತ್ತೆ. ಅದಕ್ಕೇ ಅದು ಅಷ್ಟು ನಿಜ ಅನ್ಸೋದು, ಕನಸಾಗಿದ್ರೆ ನಮ್ಮ ಮನೆ ಫ್ಯಾನ್ ಯಾಕೆ ಕಾಣ್ತಿತ್ತು ಅಂತ ನನ್ನ ಹತ್ರ ವಾದ ಮಾಡಿದವರು ಎಷ್ಟು ಜನ ಇದಾರೋ!

ಎದೆ ಮೇಲೆ ಕೂತ ಹಾಗೆ ಯಾಕೆ ಅಂದ್ರೆ, ಸ್ಟಾಪ್ ಸಿಗ್ನಲ್ ಹೋದಾಗ ಬಿಟ್ಟುಬಿಡೋದು ಮುಖ್ಯವಾಗಿ ಕಣ್ಣಿನ ಸ್ನಾಯು ಮತ್ತು ವಪೆಯನ್ನ. ವಪೆ ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ ಪರದೆ ಥರದ ಸ್ನಾಯು, ಉಸಿರಾಟದ ದೊಡ್ಡ ಕೆಲಸ ಅದರದ್ದೇ. ಹಾಗಾಗಿ ಉಸಿರು ನಿಲ್ಲಲ್ಲ, ಇದು ಚೆನ್ನಾಗಿ ನೆನಪಿಟ್ಕೊಳ್ಳಿ. ಆದ್ರೆ ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲ ಬಿದ್ದಿರುತ್ತೆ, ನೀವು ಹೆದರಿ ದೊಡ್ಡದಾಗಿ ಉಸಿರು ಎಳ್ಕೊಳ್ಳೋಕೆ ಹೋಗ್ತೀರಿ, ಎದೆ ಏಳಲ್ಲ, ಏನೋ ಭಾರ ಕೂತಿದೆ ಅನ್ಸುತ್ತೆ. ಜೊತೆಗೆ ರೆಮ್ ಟೈಮಲ್ಲಿ ಮಿದುಳಿನ ಭಯದ ಭಾಗ ಸಿಕ್ಕಾಪಟ್ಟೆ ಚುರುಕಾಗಿರುತ್ತೆ. ಮೈ ಅಲ್ಲಾಡ್ತಿಲ್ಲ, ಉಸಿರು ಸಾಲ್ತಿಲ್ಲ, ಭಯ ಇದೆ, ಹಾಗಾದ್ರೆ ಯಾರೋ ಇದಾರೆ ಅಂತ ಮಿದುಳೇ ಒಬ್ಬನ್ನ ಮಾಡಿ ನಿಲ್ಲಿಸುತ್ತೆ.

ಅವನಿಗೆ ಹಾಕೋ ಬಟ್ಟೆ ಮಾತ್ರ ಊರಿಂದ ಊರಿಗೆ ಬೇರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಲ್ಲಿ ಮುದುಕಿ ಬಂದು ಕೂರ್ತಾಳೆ ಅಂತಾರೆ, ಜಪಾನಲ್ಲಿ ಕನಶಿಬಾರಿ ಅಂತಾರೆ, ಲೋಹದಲ್ಲಿ ಕಟ್ಟಿಹಾಕಿದ ಹಾಗೆ ಅಂತ ಅರ್ಥ ಅಂತೆ. ಫ್ಯೂಸೆಲಿ ಅನ್ನೋ ಚಿತ್ರಕಾರ 1781ರಲ್ಲೇ ಮಲಗಿರೋ ಹೆಂಗಸಿನ ಎದೆ ಮೇಲೆ ಒಂದು ಕುಳ್ಳ ಪಿಶಾಚಿ ಕೂತಿರೋ ಚಿತ್ರ ಬರೆದಿದಾನೆ, ನೋಡಿದ್ರೆ ನೀವು ಇದೇ ಇದೇ ಅಂತೀರಿ. ಸುಂಟಿಕೊಪ್ಪದವರಿಗೆ ಕಂಬಳಿ ಕೊಪ್ಪೆಯವನು, ಹೆರಿಗೆ ವಾರ್ಡಿಂದ ಬಂದ ನನಗೆ ಬಿಳಿ ಸೀರೆಯವಳು. ಆನೆ ಬರುತ್ತೆ ಅಂತ ರಾತ್ರಿ ಎಲ್ಲಾ ಕತ್ತಲಲ್ಲಿ ಕಪ್ಪಗೆ ಏನಾದ್ರೂ ಅಲ್ಲಾಡ್ತಿದ್ಯಾ ಅಂತ ಕಾದವರಿಗೆ ಬಾಗಿಲಲ್ಲಿ ಕಪ್ಪಗೆ ಒಂದು ಆಕಾರ ಕಾಣದೆ ಇನ್ನೇನು ಕಾಣ್ಬೇಕು ಹೇಳಿ.

ನೀವೊಬ್ರೇ ಅಂತನೂ ಅಂದ್ಕೋಬೇಡಿ. 2011ರಲ್ಲಿ 36 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಬೇರೆ ಬೇರೆ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ ನೂರಕ್ಕೆ ಸುಮಾರು 8 ಜನಕ್ಕೆ ಜೀವನದಲ್ಲಿ ಒಮ್ಮೆಯಾದ್ರೂ ಆಗಿತ್ತು, ಸ್ಟೂಡೆಂಟ್ಸಲ್ಲಿ ನೂರಕ್ಕೆ 28. ಓದೋ ಹುಡುಗರು ನಿದ್ದೆಗೆಡೋದು ಹೆಚ್ಚಲ್ವಾ.

ನಾನು ಆವಾಗ ಮಾಡಿದ್ದು ಒಂದು ಕೆಲಸ, ಡೈರಿ ಹಿಂದೆ ಬರ್ಕೊಳ್ಳೋಕೆ ಶುರು ಮಾಡಿದೆ. ಯಾವತ್ತು ಆಯ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಹೇಗೆ ಮಲಗಿದ್ದೆ. ಆರು ತಿಂಗಳಲ್ಲಿ ಏಳು ಸಲ, ಏಳೂ ನೈಟ್ ಡ್ಯೂಟಿ ಆದಮೇಲೆ, ಏಳರಲ್ಲಿ ಆರು ಅಂಗಾತ ಮಲಗಿದ್ದಾಗ. ದೆವ್ವಕ್ಕೆ ನನ್ನ ಡ್ಯೂಟಿ ಚಾರ್ಟ್ ಹೇಗೆ ಗೊತ್ತು ಅಂತ ನಗು ಬಂತು, ನಿಜ ಹೇಳ್ಬೇಕಂದ್ರೆ ಅವತ್ತಿಂದ ಅರ್ಧ ಭಯ ಹೋಯ್ತು. ನೀವೂ ಲೆಕ್ಕ ಹಾಕಿ ನೋಡಿ, ಐದೂ ಸಲ ಸ್ಪ್ರಿಂಕ್ಲರ್ ನಡೀತಿದ್ದ ವಾರಗಳಲ್ಲೇ ಆಗಿರುತ್ತೆ ಅಂತ ನನ್ನ ಅಂದಾಜು. ನಿದ್ದೆಗೆಟ್ಟ ಮಿದುಳು ಬಾಕಿ ಉಳಿದ ರೆಮ್ ವಸೂಲಿ ಮಾಡೋಕೆ ನುಗ್ಗುತ್ತೆ, ಅದರಲ್ಲೂ ಬೆಳಿಗ್ಗೆ ಆರರಿಂದ ಒಂಬತ್ತು ಅಂದ್ರೆ ರೆಮ್ ಜಾಸ್ತಿ ಬರೋ ಹೊತ್ತೇ.

ನಮ್ಮಜ್ಜಿ ಎದೆ ಮೇಲೆ ಕೈ ಇಟ್ಕೊಂಡು ಅಂಗಾತ ಮಲಗ್ಬೇಡ ಕೆಟ್ಟ ಕನಸು ಬೀಳುತ್ತೆ ಮಗ್ಗುಲಾಗು ಅಂತಿದ್ರು. ಕೈ ವಿಷಯ ನನಗೆ ಗೊತ್ತಿಲ್ಲ, ಅಂಗಾತದ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ, ಇದು ಅಂಗಾತ ಮಲಗಿದಾಗ್ಲೇ ಹೆಚ್ಚು. ಮಗ್ಗುಲಾಗಿ ಮಲಗಿ, ಬೆನ್ನ ಹಿಂದೆ ಒಂದು ದಿಂಬು ಒತ್ತಿಟ್ಕೊಳ್ಳಿ ಹೊರಳದ ಹಾಗೆ. ರಾತ್ರಿ ಕೆಲಸ ಇರೋ ದಿನ ಮೂರೇ ಗಂಟೆಗೆ ಏಳ್ಬೇಡಿ, ಕಿಟಕಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡ್ಕೊಂಡು ಹೊಟ್ಟೆ ತುಂಬ ನಿದ್ದೆ ಮಾಡಿ, ತಮ್ಮ ಇದ್ರೆ ಒಂದಿನ ಬಿಟ್ಟು ಒಂದಿನ ಅವನು ಜೆಟ್ ನೋಡ್ಲಿ. ಫ್ಲಾಸ್ಕಲ್ಲಿ ತಗೊಂಡು ಹೋಗೋ ಬೆಲ್ಲದ ಕಾಫಿ ರಾತ್ರಿ ಒಂದು ಗಂಟೆ ಮೇಲೆ ಬೇಡ (ಕಾಫಿ ಬೆಳೆಯೋರಿಗೆ ಕಾಫಿ ಬೇಡ ಅನ್ನೋದು ಈ ಜಿಲ್ಲೇಲಿ ಮಹಾಪರಾಧ, ಗೊತ್ತು). ಚಳಿಗೆ ಅಂತ ಹಾಕೋ ಎರಡು ಪೆಗ್ಗೂ ಬೇಡ, ಅದು ಮೊದ್ಲು ರೆಮ್ ಅದುಮಿ ಇಡುತ್ತೆ, ಆಮೇಲೆ ಒಟ್ಟಿಗೆ ಬಿಡುತ್ತೆ. ಮೆಡಿಕಲ್ ಶಾಪಿಂದ ನಿದ್ದೆ ಮಾತ್ರೆ ತಂದು ನುಂಗೋ ಕೆಲಸ ಮಾತ್ರ ಮಾಡ್ಬೇಡಿ.

ಮತ್ತೆ ಬಂದ್ರೆ ಏನು ಮಾಡೋದು? ಕಿತ್ಕೊಂಡು ಏಳೋಕೆ ಹೋಗ್ಬೇಡಿ, ಗುದ್ದಾಡಿದಷ್ಟೂ ಎದೆ ಬಿಗಿಯೋ ಹಾಗೆ ಅನ್ಸಿ ಭಯ ಜಾಸ್ತಿ ಆಗುತ್ತೆ. ವಾಲ್ವ್ ತೆಗೀತಿದಾರೆ ತೆಗೀತಿದಾರೆ ಅಂತ ಮನಸ್ಸಲ್ಲೇ ಅಂದ್ಕೊಂಡು ಕಣ್ಣು ಮುಚ್ಚಿ, ಅವನ ಕಡೆ ನೋಡ್ಬೇಡಿ, ಸಣ್ಣ ಉಸಿರು ಸಾಕು ಅಂತ ಬಿಟ್ಟುಬಿಡಿ, ಕಾಲಿನ ಹೆಬ್ಬೆರಳು ಒಂದನ್ನೇ ಅಲ್ಲಾಡಿಸೋಕೆ ನೋಡಿ. ನನಗೆ ಹೆಬ್ಬೆರಳು ಕೆಲಸ ಮಾಡ್ತಿತ್ತು, ಕೆಲವರು ನಾಲಿಗೆ ಅಂತಾರೆ. ಅಮ್ಮಂಗೂ ಹೇಳಿಡಿ, ನೀವು ಹ್ಮ್ ಹ್ಮ್ ಅಂತ ನರಳೋದು ಕೇಳಿಸಿದ್ರೆ ಭುಜ ಮುಟ್ಟಿ ಹೆಸರು ಕರೀಲಿ, ತುಂಬಾ ಸಲ ಮುಟ್ಟಿದ ತಕ್ಷಣ ಬಿಟ್ಟುಹೋಗುತ್ತೆ.

ಕೋಳಿ ವಿಷಯ. ಅಮ್ಮಂಗೆ ಸಮಾಧಾನ ಆಗುತ್ತೆ ಅಂದ್ರೆ ಮನೆ ಪದ್ಧತಿ ಪ್ರಕಾರ ಗುಳಿಗನಿಗೆ ಏನು ಕೊಡ್ತೀರೋ ಕೊಡಿ, ನಾನು ಅಡ್ಡ ಬರಲ್ಲ. ಆದ್ರೆ ಆನೆಗೆ ಸಿಕ್ಕಿ ಸತ್ತ ಆ ಮನುಷ್ಯನ ಮೇಲೆ ಇದನ್ನ ಹಾಕ್ಬೇಡಿ, ಅವರ ಮನೆಯವರ ಕಿವಿಗೆ ಬಿದ್ರೆ ಎಷ್ಟು ನೋವಾಗುತ್ತೆ. ಪ್ರಶ್ನೆ ಅಂತ ಸಾವಿರಾರು ರೂಪಾಯಿ ಕೇಳೋರು ಸಿಕ್ಕಿದ್ರೆ ಆ ದುಡ್ಡಲ್ಲಿ ಜೆಟ್ ಬದಲಾಯಿಸೋಕೆ ಒಬ್ಬ ಆಳು ಇಟ್ಕೊಳ್ಳಿ, ನಿದ್ದೆನೂ ಸಿಗುತ್ತೆ.

ಡಾಕ್ಟರ್ ಹತ್ರ ಹೋಗ್ಲೇಬೇಕಾದ್ದು ಯಾವಾಗ ಅಂದ್ರೆ, ರಾತ್ರಿ ಸರಿಯಾಗಿ ಮಲಗಿದ್ರೂ ಹಗಲಲ್ಲಿ ಊಟ ಮಾಡ್ತಾ ಬೈಕ್ ಓಡಿಸ್ತಾ ತಡೆಯೋಕಾಗದ ನಿದ್ದೆ ಬರೋದು, ಜೋರಾಗಿ ನಕ್ಕಾಗ ಮಂಡಿ ಕುಸಿದ ಹಾಗಾಗೋದು ಇದ್ರೆ ಅದು ನಾರ್ಕೊಲೆಪ್ಸಿ ಇರಬಹುದು. ಜೋರು ಗೊರಕೆ, ನಡುವೆ ಉಸಿರು ನಿಂತು ನಿಂತು ಬರೋದು ಇದ್ರೂ ತೋರಿಸಿ. ಮಲಗೋಕೇ ಹೆದರಿ ಎದ್ದು ಕೂರೋದು ತಿಂಗಳುಗಟ್ಟಲೆ ಮುಂದುವರಿದ್ರೂ ಅಷ್ಟೇ, 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 64, ಶನಿವಾರಸಂತೆ ಕಡೆಯವರು. ಎರಡು ವರ್ಷದಿಂದ ನಿದ್ದೇಲಿ ಹಂದಿ ಓಡಿಸ್ತೀನಿ ಅಂತ ಕೂಗ್ತಾರೆ, ಒದೀತಾರೆ, ಹೋದ ವಾರ ನನ್ನ ಕೆನ್ನೆಗೇ ಬಿತ್ತು. ಎಬ್ಬಿಸಿದ್ರೆ ಕನಸು ಪೂರ್ತಿ ಹೇಳ್ತಾರೆ. ಮಕ್ಕಳು ನಗ್ತಾರೆ. ಇದಕ್ಕೆ ಏನಾದ್ರೂ ಔಷಧಿ ಇದ್ಯಾ ಮೇಡಂ?

ಉತ್ತರ: ಅಮ್ಮಾ, ನಗೋ ವಿಷಯ ಅಲ್ಲ ಇದು. ಮೇಲಿನ ಹುಡುಗನಿಗೆ ಬರೆದದ್ದು ಓದಿ, ಇದು ಅದಕ್ಕೆ ಪೂರಾ ಉಲ್ಟಾ. ಅವನಿಗೆ ವಾಲ್ವ್ ತೆಗೆಯೋದು ಲೇಟು, ನಿಮ್ಮ ಯಜಮಾನ್ರಿಗೆ ಬಂದ್ ಆಗ್ತಾನೇ ಇಲ್ಲ, ಹಾಗಾಗಿ ಕನಸಲ್ಲಿ ಮಾಡಿದ್ದೆಲ್ಲಾ ಕೈಕಾಲಿಗೆ ಬರುತ್ತೆ. 1986ರಲ್ಲಿ ಅಮೆರಿಕದ ಮಿನೆಸೋಟಾದ ಡಾಕ್ಟರುಗಳು ಇದನ್ನ ಬೇರೆ ಕಾಯಿಲೆ ಅಂತ ಗುರುತಿಸಿದ್ರು, 50 ದಾಟಿದ ಗಂಡಸರಲ್ಲಿ ಹೆಚ್ಚು. ಹುಡುಗನಿಗೆ ಧೈರ್ಯ ಹೇಳಿ ಕಳಿಸಿದ ಹಾಗೆ ನಿಮ್ಮನ್ನ ಕಳಿಸಲ್ಲ, ಯಾಕಂದ್ರೆ ಇಂಥವರಲ್ಲಿ ಹಲವರಿಗೆ ವರ್ಷಗಳಾದ ಮೇಲೆ ಪಾರ್ಕಿನ್ಸನ್ ಥರದ ಕಾಯಿಲೆ ಬರೋದುಂಟು. ಮೈಸೂರಲ್ಲೋ ಬೆಂಗಳೂರಿನ ನಿಮ್ಹಾನ್ಸಲ್ಲೋ ನರರೋಗ ತಜ್ಞರಿಗೆ ತೋರಿಸಿ, ಒಂದು ರಾತ್ರಿ ಮಲಗಿಸಿ ನಿದ್ದೆ ಟೆಸ್ಟ್ ಮಾಡ್ತಾರೆ. ಹೋಗುವಾಗ ಅವರು ತಗೊಳ್ಳೋ ಮಾತ್ರೆಗಳನ್ನೆಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಯಿಂದಲೂ ಹೀಗಾಗುತ್ತೆ. ಕಡಿಮೆ ಮಾಡೋ ಔಷಧಿ ಇದೆ, ಅವರೇ ಬರ್ಕೊಡ್ತಾರೆ.

ಅಲ್ಲಿವರೆಗೆ ನೀವು ಬೇರೆ ಮಂಚದಲ್ಲಿ ಮಲಗಿ, ಸಂಕೋಚ ಬೇಡ. ಅವರ ಹಾಸಿಗೆ ನೆಲಕ್ಕೆ ಇಳಿಸಿ, ಪಕ್ಕದ ಟೀಪಾಯಿ, ಗಾಜಿನ ಲೋಟ ತೆಗೆದಿಡಿ. ಹಂದಿ ಅಂತ ಬರೆದಿದೀರಲ್ಲ, ಮನೇಲಿ ಕೋವಿ ಇದ್ರೆ ಅದು ಮಲಗೋ ಕೋಣೇಲಿ ಇರೋದು ಬೇಡ, ಇವತ್ತೇ ಬೇರೆ ಕಡೆ ಬೀರುವಿಗೆ ಹಾಕಿ ಬೀಗದಕೈ ನೀವೇ ಇಟ್ಕೊಳ್ಳಿ, ಕೋವಿಯ ಗುಂಡು (ತೋಟೆ) ಇನ್ನೊಂದು ಕಡೆ.